ಮರಿಯಯ್ಯ ತಂದ ಕಾಗದ

ಹಿಪ್ಪುನೇರಳೆ ಸೊಪ್ಪಿನ ಮೇಲೆ ಕಲ್ಲುಪುಡಿ ಹಿಟ್ಟಿನಂತೆ ಕೂತಿತ್ತು. ದ್ಯಾವಮ್ಮ ಒಂದೊಂದೇ ಎಲೆಯನ್ನು ಸೆರಗಿನಲ್ಲಿ ಒರೆಸಿ ರೇಷ್ಮೆಹುಳುಗಳಿಗೆ ಹಾಕುತ್ತಿದ್ದಳು. ಆದರೂ ತಟ್ಟೆಗಟ್ಟಲೆ ಹುಳು ಸತ್ತವು. ಪಾಂಡವಪುರದ ಪಕ್ಕದ ಆ ಕೊಪ್ಪಲಿನಲ್ಲಿ, ಐದು ವರ್ಷ ಮುಚ್ಚಿದ್ದ ಕಲ್ಲುಕ್ವಾರಿ ಮತ್ತೆ ಶುರುವಾಗಿತ್ತು.

ಯಾಕೆ ಶುರುವಾಯಿತೆಂದು ಊರಿನಲ್ಲಿ ಒಬ್ಬನಿಗೇ ಗೊತ್ತಿತ್ತು. ಅವನು ಮರಿಯಯ್ಯ, ಶಾಸಕ ರಘುನಂದನ್ ಅವರ ಗುಮಾಸ್ತ.

ರಘುನಂದನ್ ಶ್ರೀರಂಗಪಟ್ಟಣದ ವಕೀಲರು, ಪರಿಸರ ಕಾನೂನು ಓದಿದವರು. ತೊಂಬತ್ತೊಂದರಲ್ಲಿ ಬಸ್ಸಿನಲ್ಲಿ ಬಂದು, ದ್ಯಾವಮ್ಮನ ಜಗಲಿಯಲ್ಲಿ ಮುದ್ದೆ ಉಂಡು, ಕ್ವಾರಿಯ ಸಿಡಿತಕ್ಕೆ ಬಿರುಕುಬಿಟ್ಟ ಗೋಡೆಗಳನ್ನೆಲ್ಲ ನೋಡಿ, ಫೀಸಿಲ್ಲದೆ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಆ ಒಂದು ಕೇಸಿನಿಂದ ಅವರ ಹೆಸರು ನಾಗಮಂಗಲದವರೆಗೂ ಹಬ್ಬಿತು. ತೊಂಬತ್ನಾಲ್ಕರ ಚುನಾವಣೆಗೆ ನಿಂತಾಗ ಕೊಪ್ಪಲಿನ ಹೆಂಗಸರು ಕೂಲಿ ಬಿಟ್ಟು ಊರೂರು ತಿರುಗಿ ವೋಟು ಕೇಳಿದರು. ರಘುನಂದನ್ ಗೆದ್ದರು. ವಿಧಾನಸಭೆಯಲ್ಲಿ ನದಿ, ಕೆರೆಗಳ ಬಗ್ಗೆ ಮಾತಾಡಿದರು. ಮಂತ್ರಿಯಾಗುತ್ತಾರೆಂಬ ಸುದ್ದಿ ಹುಟ್ಟಿತು. ಅದಕ್ಕೆ ಪಕ್ಷದ ದೊಡ್ಡವರ ಒಪ್ಪಿಗೆ ಬೇಕಿತ್ತು. ಕ್ವಾರಿ ಮಾಲೀಕ ಆ ದೊಡ್ಡವರ ಬೀಗ.

ಒಂದು ದಿನ ರಘುನಂದನ್ ಮರಿಯಯ್ಯನಿಗೆ ಟೈಪು ಮಾಡಿದ ಕಾಗದ ಕೊಟ್ಟರು.

"ಊರವರ ಹೆಬ್ಬೆಟ್ಟು ಹಾಕಿಸ್ಕೊಂಡು ಬಾ. ರಸ್ತೆ ಅರ್ಜಿ ಅನ್ನು."

ಮರಿಯಯ್ಯ ಓದಿದ. ಕ್ವಾರಿಯಿಂದ ನಮಗೆ ತೊಂದರೆಯಿಲ್ಲ, ಕೇಸು ಹಿಂತೆಗೆದುಕೊಳ್ಳುತ್ತೇವೆ ಎಂದಿತ್ತು.

"ಇದು ಮೋಸ ಅಲ್ವಾ ಸಾ?"

ರಘುನಂದನ್ ಮುಖ ಕೊಡಲಿಲ್ಲ. "ಮಂತ್ರಿಯಾದ್ರೆ ಇಂಥ ನೂರು ಕ್ವಾರಿ ಮುಚ್ಚಿಸಬಹುದು. ನಿನ್ನ ಮಗ ಅಶೋಕನ ಕೆಲಸಕ್ಕೂ ಹೇಳಿದ್ದೀನಿ."

ಮರಿಯಯ್ಯ ಕಾಗದ ಮಡಚಿಕೊಂಡು ಕೊಪ್ಪಲಿಗೆ ಹೋಗಿ ರಸ್ತೆ ಅರ್ಜಿ ಎಂದ. ದ್ಯಾವಮ್ಮ, "ನೀನ್ ತಂದದ್ದು ಅಂದ್ಮೇಲೆ ಇನ್ನೇನಣ್ಣ," ಎಂದು ಹೆಬ್ಬೆಟ್ಟು ಒತ್ತಿದಳು. ಊರೆಲ್ಲ ಒತ್ತಿತು. ಅಶೋಕನಿಗೆ ಕೆಲಸವಾಯಿತು. ಕೇಸು ಬಿದ್ದು ತಡೆಯಾಜ್ಞೆ ರದ್ದಾಯಿತು. ರಘುನಂದನ್ ಮಂತ್ರಿಯಾದರು.

ಅವರು ಪ್ರಮಾಣವಚನ ಸ್ವೀಕರಿಸಿದ ವಾರವೇ ಕ್ವಾರಿಯಿಂದ ಸಿಡಿದ ಕಲ್ಲೊಂದು ಹೆಂಚು ಒಡೆದು ದ್ಯಾವಮ್ಮನ ಮಗಳು ರಂಜಿತಳ ಮಂಡಿಯ ಮೇಲೆ ಬಿತ್ತು. ಮೂಳೆ ಚೂರಾಯಿತು. ಮರಿಯಯ್ಯ ಬಾಳೆಹಣ್ಣು ಹಿಡಿದು ಆಸ್ಪತ್ರೆಗೆ ಹೋದ.

"ಬಿಸ್ಲಲ್ಲಿ ಬಂದಿದ್ದೀಯ, ತಿನ್ನಣ್ಣ," ಎಂದು ದ್ಯಾವಮ್ಮ ಅವನಿಗೇ ಒಂದು ಹಣ್ಣು ಕೊಟ್ಟಳು. "ಕೋರ್ಟಿನ ಆರ್ಡ್ರು ಇದ್ರೂವೆ ಎಂಗ್ ಸಿಡಿಸ್ತಾವ್ರೆ? ನಮ್ ಸಾಹೇಬ್ರಿಗೆ ಒಂದ್ ಮಾತ್ ಏಳು."

ಮರಿಯಯ್ಯ ಹಣ್ಣನ್ನು ಸುಲಿಯದೆ ಮಂಚದ ಮೇಲಿಟ್ಟ.

"ಆರ್ಡ್ರು ಇಲ್ಲ ಕಣವ್ವ. ನಾನೇ ತೆಗೆಸಿದ್ದು. ಅವತ್ತು ನಾನ್ ತಂದದ್ದು ರಸ್ತೆ ಅರ್ಜಿ ಅಲ್ಲ."

ದ್ಯಾವಮ್ಮ ಅಳಲಿಲ್ಲ, ಬೈಯಲಿಲ್ಲ. ರಂಜಿತಳ ಹೊದಿಕೆ ಸರಿಮಾಡಿ, "ನಮ್ಮೊಳಗೆ ಓದ್ ಬಲ್ಲೋನು ನೀನೊಬ್ಬ ಇದ್ದೆ," ಎಂದಳು. ಆಮೇಲೆ, "ಇದ್ನ ಊರ್ ಮುಂದೆ ಏಳು ನಡಿ," ಎಂದಳು.

ಅರಳಿಕಟ್ಟೆಯ ಬಳಿ ಅವನು ಎಲ್ಲ ಹೇಳಿದ. ನೆರೆಮನೆಯ ಕೆಂಪಣ್ಣ ಕಾಲಿನ ಕೆರ ಕಳಚಿಕೊಂಡು ಹೊಡೆಯಲು ಬಂದ. ಕ್ವಾರಿಯಲ್ಲಿ ಜಲ್ಲಿ ಹೊರುವ ಚಲುವಮ್ಮ ಅಡ್ಡ ನಿಂತಳು.

"ಇವ್ನ ಒಡುದ್ರೆ ಕ್ವಾರಿ ನಿಂತದಾ? ಬುಡು. ಕೋರ್ಟಿಗೆ ಕರ್ಕಂಡ್ ಓಗವ."

ಬೆಳಿಗ್ಗೆ ಕೊಪ್ಪಲಿನ ಹೆಂಗಸರು, ಗಂಡಸರು ಪಾಂಡವಪುರದ ಬೇರೊಬ್ಬ ವಕೀಲರ ಮನೆಯ ಮುಂದೆ ನೆರೆದರು. ಮರಿಯಯ್ಯ ಹೇಳಿದ್ದನ್ನೆಲ್ಲ ಕೇಳಿ ವಕೀಲರು ಪೆನ್ನು ಕೆಳಗಿಟ್ಟರು.

"ನಿನ್ನ ಮೇಲೂ ಕೇಸಾಗುತ್ತೆ. ಮಗನ ಕೆಲಸ ಹೋದರೂ ಹೋಯಿತು. ಯೋಚನೆ ಮಾಡು."

"ಮಾಡಿವ್ನಿ. ಬರೀರಿ ಸ್ವಾಮಿ."

"ಮಂತ್ರಿಗಳ ಹೆಸರೂ ಹಾಕಬೇಕಾ?"

ಮರಿಯಯ್ಯ ಬಾಯಿ ತೆರೆಯುವ ಮೊದಲೇ ದ್ಯಾವಮ್ಮ ಮುಂದೆ ಬಂದಳು.

"ಆಕಿ. ಅವ್ರದೇ ಮೊದ್ಲು ಆಕಿ."

"ಅದರ ಕೆಳಗೆ ನಂದು," ಎಂದ ಮರಿಯಯ್ಯ.