ಬೆಳಿಗ್ಗೆ ತೆರೆದಿಟ್ಟ ಪುಟ

ಆಸ್ಪತ್ರೆಯ ಡ್ಯೂಟಿ ಕೋಣೆಯಲ್ಲಿ ಎರಡು ಮೇಜು, ಎರಡು ಕಂಪ್ಯೂಟರು, ನಡುವೆ ಒಂದು ಕೆಂಪು ಪ್ಲಾಸ್ಟಿಕ್ ಲೋಟ. ಆ ಲೋಟದಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಅದು ಇದ್ದದ್ದು ಕಾವಲಿಗೆ.

ನರ್ಸುಗಳು, ಆಯಾಗಳು, ಎಲ್ಲರ ಮುಂದಿನ ತಿಂಗಳ ಪಾಳಿ, ರಜೆ ಕಂಪ್ಯೂಟರಿನ ಒಂದೇ ಪುಟದಲ್ಲಿ ಸಾಲುಸಾಲಾಗಿ ತೆರೆದುಕೊಳ್ಳುತ್ತಿತ್ತು. ಯಾವ ಸಾಲನ್ನಾದರೂ ತಿದ್ದಬಹುದು, ಆದರೆ ಕೆಳಗೆ 'ಉಳಿಸು' ಗುಂಡಿ ಒಂದೇ. ಒತ್ತಿದರೆ ತಿದ್ದಿದ ಸಾಲಷ್ಟೇ ಅಲ್ಲ, ಪುಟದಲ್ಲಿ ಕಾಣುವ ಅಷ್ಟೂ ಸಾಲು ಒಳಗೆ ಹೋಗಿ ಕೂರುತ್ತಿದ್ದವು. ಬೆಳಿಗ್ಗೆ ತೆರೆದ ಪುಟವನ್ನು ಸಂಜೆ ಉಳಿಸಿದರೆ ನಡುವೆ ಇನ್ನೊಬ್ಬರು ತಿದ್ದಿದ್ದೆಲ್ಲ ಅಳಿಸಿಹೋಗಿ ಬೆಳಗಿನದೇ ಮರಳಿ ಬರುತ್ತಿತ್ತು. ಒಮ್ಮೆ ಹೀಗಾಗಿ ಹೆರಿಗೆ ವಾರ್ಡಿಗೆ ಒಂದು ರಾತ್ರಿ ನರಪಿಳ್ಳೆಯೂ ಬರಲಿಲ್ಲ. ಆಮೇಲೆ ಅಕ್ಕ ಈ ಕಟ್ಟಳೆ ತಂದರು: ಪಟ್ಟಿ ತಿದ್ದುವವರ ಕಂಪ್ಯೂಟರಿನ ಮುಂದೆ ಲೋಟ, ಇನ್ನೊಬ್ಬರು ತಮ್ಮ ಪುಟ ಮುಚ್ಚಬೇಕು.

ಅಕ್ಕ ಅಂದರೆ ಒಡಹುಟ್ಟಿದವರಲ್ಲ, ಪಟ್ಟಿ ನೋಡಿಕೊಳ್ಳುವ ಇಬ್ಬರಲ್ಲಿ ಬೆಳಗಿನ ಪಾಳಿಯ ಹಿರಿಯರು. ಸಂಜೆ ಪಾಳಿಯವಳನ್ನು ಅವರು ಗುಬ್ಬಿ ಎಂದು ಕರೆದದ್ದೇ ತಡ, ಅವಳು ಎಲ್ಲರಿಗೂ ಗುಬ್ಬಿಯಾದಳು. ಗುಬ್ಬಿ ಮನೆ ಸೇರುವ ಹೊತ್ತಿಗೆ ಮಗಳು ಮಲಗಿರುತ್ತಿದ್ದಳು. ಶಾಲೆಯಿಂದ ಕರೆತಂದು, ಉಣ್ಣಿಸಿ, ಜಡೆ ಹೆಣೆದು ಮಲಗಿಸುವವರು ಅಕ್ಕನೇ. ಮೊನ್ನೆ ರಜೆಯ ದಿನ ಗುಬ್ಬಿ ಬಾಚಣಿಗೆ ಹಿಡಿದು ಕರೆದರೆ ಮಗಳು, "ನಿಂಗೆ ಬರಲ್ಲಮ್ಮ, ದೊಡ್ಡಮ್ಮ ಹಾಕ್ತಾರೆ ಬಿಡು," ಅಂದಿದ್ದಳು.

ಮಾರನೆಯ ದಿನವೇ ಗುಬ್ಬಿ ಮೇಟ್ರನ್ ಮುಂದೆ ನಿಂತು ಬೆಳಗಿನ ಪಾಳಿ ಕೇಳಿದಳು. ಮೇಟ್ರನ್ ಅಕ್ಕನನ್ನೂ ಕರೆಸಿದರು.

"ಅದಲು ಬದಲು ಮಾಡ್ಲಾ? ನೀವೇನಂತೀರಿ?"

"ಮಾಡಿ. ಅವಳ ಮಗಳನ್ನ ಅವಳೇ ನೋಡ್ಕೊಳ್ಳಲಿ, ನಂಗೊಂದು ತಲೆನೋವು ಕಮ್ಮಿ," ಎಂದು ಅಕ್ಕ ನಕ್ಕರು.

ಪಟ್ಟಿ ಮುಗಿಯಬೇಕಾದ ದಿನ ಗುಬ್ಬಿ ಮಧ್ಯಾಹ್ನವೇ ಲೋಟ ಎಳೆದುಕೊಂಡು ಕೂತಳು. ಹತ್ತಾರು ಸಾಲು ತಿದ್ದಿದಳು. ತನ್ನ ಸಾಲಿಗೆ ಬಂದು ಬೆಳಗಿನ ಪಾಳಿ ಎಂದು ಹಾಕುವಾಗ ಮಾತ್ರ ಬೆರಳು ಸ್ವಲ್ಪ ನಿಧಾನವಾಯಿತು, ಖುಷಿಗೆ.

"ಗುಬ್ಬಿ, ನನ್ನ ತಂಗಿ ಮಗಳ ರಜೆ ಮರೀಬೇಡ ಕಣೆ. ಪರೀಕ್ಷೆ ಇದೆ ಅವಳಿಗೆ," ಪಕ್ಕದ ಮೇಜಿನಿಂದ ಅಕ್ಕ. ಆ ಹುಡುಗಿಯೂ ಇಲ್ಲೇ ನರ್ಸು.

"ಅವಳದ್ದೇ ಹಾಕ್ತಿದ್ದೀನಕ್ಕ. ನಿಮ್ ಕಡೆಯೋರನ್ನ ಮರೆತು ಬದುಕೋಕಾಗುತ್ತಾ?"

ಉಳಿಸಿ, ಲೋಟವನ್ನು ನಡುವೆ ಇಟ್ಟು, ಮುಖ ತೊಳೆಯಲು ಹೋದಳು. ಬರುವಷ್ಟರಲ್ಲಿ ಮೇಟ್ರನ್ ಪಟ್ಟಿಯನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿಯಾಗಿತ್ತು. ಅದರ ಮುಂದೆ ನಾಲ್ಕಾರು ನರ್ಸುಗಳು ಮುಖ ಊದಿಸಿಕೊಂಡು ನಿಂತಿದ್ದರು. ಅವರಲ್ಲಿ ಒಬ್ಬರಿಗೂ ಕೇಳಿದ ರಜೆ ಇಲ್ಲ. ಗುಬ್ಬಿ ತನ್ನ ಹೆಸರು ಹುಡುಕಿದಳು: ಸಂಜೆ ಪಾಳಿ.

"ಇಡೀ ಮಧ್ಯಾಹ್ನ ಕೂತು ಇದನ್ನಾ ಮಾಡಿದ್ದು?" ಮೇಟ್ರನ್ ದನಿ ಏರಿಸಲಿಲ್ಲ. "ರಜೆಗಳನ್ನ ಈಗ್ಲೇ ಸರಿಮಾಡಿ ಕೊಡು. ಪಾಳಿ ಹೀಗೇ ಇರಲಿ. ಇಂಥ ಕೈಗೆ ಬೆಳಗಿನ ಮೇಜು ಕೊಟ್ಟು ನಾನು ನೆಮ್ಮದಿಯಾಗಿ ಇರೋಕಾಗುತ್ತಾ?"

ಗುಬ್ಬಿ ಪಟ್ಟಿಯ ಹತ್ತಿರಕ್ಕೆ ಸರಿದಳು. ಅಕ್ಕ ಬೆಳಗಿನ ಪುಟ ಮುಚ್ಚುವುದನ್ನು ಮರೆತಿರಬೇಕು, ಏನೋ ಒತ್ತಲು ಹೋಗಿ ಉಳಿಸಿರಬೇಕು. ವಯಸ್ಸಾಯಿತು ಪಾಪ, ಎಂದುಕೊಂಡೇ ಪಟ್ಟಿಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. ಅಕ್ಕನ ತಂಗಿ ಮಗಳ ರಜೆ ಹಾಗೇ ಇತ್ತು. ಬೆಳಗಿನ ಪುಟದಲ್ಲಿ ಆ ರಜೆ ಇರಲೇ ಇಲ್ಲ. ಹಾಕಿದವಳು ತಾನೇ, ಮಧ್ಯಾಹ್ನ. ಮರೆತು ಒತ್ತಿದ್ದರೆ ಎಲ್ಲರದರ ಜೊತೆ ಅದೂ ಹೋಗಬೇಕಿತ್ತು. ಅಕ್ಕ ಆ ಒಂದು ಸಾಲನ್ನು ಹಳೆಯ ಪುಟದಲ್ಲಿ ಕೈಯಾರೆ ತುಂಬಿ, ಆಮೇಲೆ ಒತ್ತಿದ್ದರು.

ಕೋಣೆಗೆ ಬಂದಾಗ ಅಕ್ಕ ಊಟದ ಡಬ್ಬಿಯನ್ನು ಚೀಲಕ್ಕೆ ತುರುಕುತ್ತಿದ್ದರು.

"ಈ ಪುಟದ ಹಣೆಬರಹಾನೇ ಇಷ್ಟು ಗುಬ್ಬಿ. ಬೇಜಾರು ಮಾಡ್ಕೋಬೇಡ."

"ತಂಗಿ ಮಗಳ ರಜೆ ಉಳಿದಿದೆಯಲ್ಲಕ್ಕ."

ಡಬ್ಬಿ ಚೀಲದೊಳಗೆ ಸರಿಯಾಗಿ ಕೂರಲಿಲ್ಲ. ಅಕ್ಕ ಹೊರತೆಗೆದು ಮತ್ತೆ ಇಟ್ಟರು.

"ಅವಳಿಗೆ ಪರೀಕ್ಷೆ," ಎಂದರು ಮೆಲ್ಲಗೆ.

"ನನಗೆ?"

"ಸಂಜೆ ಆ ಮನೆಗೆ ಹೋದ್ರೆ ನಂಗ್ಯಾರಿದ್ದಾರೆ ಹೇಳು. ಅದೊಂದು ಮಗು ದೊಡ್ಡಮ್ಮ ಅಂತ ಓಡಿ ಬರುತ್ತೆ."

ಗುಬ್ಬಿ ಅವರ ಮುಖವನ್ನೇ ನೋಡಿದಳು. ಬಾಯಿಬಿಟ್ಟು ಕೇಳಿದ್ದರೆ ಬಿಟ್ಟುಕೊಡುತ್ತಿದ್ದಳೇ? ಗೊತ್ತಿಲ್ಲ. ಇವರು ಕೇಳಲಿಲ್ಲ. ನಕ್ಕು ತಲೆನೋವು ಕಮ್ಮಿ ಅಂದರು. ಮೇಟ್ರನ್ ಕೋಣೆ ನಾಲ್ಕು ಹೆಜ್ಜೆ ದೂರ, ಹೋಗಿ ಹೇಳಬಹುದು. ಹೇಳಿದರೆ ಇವತ್ತು ಮಗಳನ್ನು ಕರೆತರುವವರು ಯಾರು?

ಅಕ್ಕ ಚೀಲ ಹೆಗಲಿಗೇರಿಸಿದರು. "ಹೋಗ್ಲಾ? ಪುಟ್ಟಿ ಶಾಲೆ ಗೇಟಲ್ಲಿ ಕಾಯ್ತಿರ್ತಾಳೆ."

"ಹೋಗಿ. ಇವತ್ತು ಅವಳ ತಲೆ ಬಾಚ್ಬೇಡಿ. ನಾನ್ ಬಂದು ಬಾಚ್ತೀನಿ."

"ಅಷ್ಟೊತ್ತಿಗೆ ಮಲಗಿರ್ತಾಳಲ್ಲೇ."

"ಮಲಗಿರ್ಲಿ," ಎಂದು ಗುಬ್ಬಿ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು. "ನಾಳೆ ಬೆಳಿಗ್ಗೆ ಬೇಗ ಬರ್ತೀನಿ. ಮೇಟ್ರನ್ ಬರೋ ಹೊತ್ತಿಗೆ ನೀವೂ ಇಲ್ಲೇ ಇರಿ."