ಬಡಗಿ ಬಿಗಿದ ಕಟ್ಟು

ನಾನು ಬಡಗಿ. ಮುರಿದ ಕುರ್ಚಿಗೆ ಕಾಲು ಕೂಡಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಆ ಜಂಬವೇ ನನ್ನ ತಲೆ ತಗ್ಗಿಸಿತು.

ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು.

"ಆಸ್ಪತ್ರೆಗೆ ಹೋಗೋಣ ರೀ" ಎಂದಳು.

"ಅಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ? ಹಿತ್ತಲಲ್ಲಿ ಮೂಳೆ ಕೂಡಿಸೋ ಮಂಗರವಳ್ಳಿ ಇದೆ, ನಾನೇ ಕಟ್ತೀನಿ."

ಬಳ್ಳಿ ಅರೆದು ಮೆತ್ತಿ, ಎರಡು ಮರದ ಪಟ್ಟಿ ಇಟ್ಟು, ಅಂಟು ಹಚ್ಚಿದ ಹಲಗೆಯನ್ನು ಬಿಗಿಯುವಂತೆಯೇ ಬಿಗಿದೆ. ಮರಕ್ಕಾದರೆ ಬಿಗಿದಷ್ಟೂ ಒಳ್ಳೆಯದು. ಕೈಯಲ್ಲಿ ರಕ್ತ ಓಡಾಡುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಬಂದವರಿಗೆಲ್ಲ ಆ ಕಟ್ಟು ತೋರಿಸಿ ಕೊಚ್ಚಿಕೊಂಡೆ.

"ಅಣ್ಣ, ಡಾಕ್ಟ್ರನ್ನೇ ಮೀರಿಸಿಬಿಟ್ರಿ" ಎಂದ ಪಕ್ಕದ ಮನೆಯ ಬೇಕರಿಯವನು. ಹೆಂಡತಿ ಕೈಯನ್ನು ಸೆರಗಿನ ಮರೆಗೆ ಸರಿಸಿಕೊಂಡಳು.

ಮರುದಿನ ನಮ್ಮ ಬೀದಿಯ ನರ್ಸಕ್ಕ ತಾವು ಹೊಲಿಯಲು ಕೊಟ್ಟಿದ್ದ ಬಟ್ಟೆ ಕೇಳಲು ಬಂದರು. ಹೆಂಡತಿಯ ಬೆರಳು ಮುಟ್ಟಿ ನೋಡಿದರು.

"ಇದೇನಮ್ಮ, ಬೆರಳೆಲ್ಲ ಊದಿ ತಣ್ಣಗಾಗಿದೆ. ಮುಟ್ಟಿದ್ದು ಗೊತ್ತಾಗುತ್ತಾ?"

"ಇಲ್ಲಕ್ಕ, ನಿನ್ನೆಯಿಂದ ಜೋಮು."

"ಹೇಳೋದಲ್ವಾ?"

"ಇವರು ಎಲ್ಲರ ಮುಂದೆ ಅಷ್ಟು ಹೇಳ್ಕೊಂಡಿದ್ರು. ಮರ್ಯಾದೆ ಹೋಗಬಾರದು ಅಂತ ಸುಮ್ಮನಿದ್ದೆ."

ನಾಚಿಕೆಯಿಂದ ನಾನು ಹಿಡಿಯಷ್ಟಾದೆ. ನರ್ಸಕ್ಕ ಹೊಲಿಗೆಯ ಕತ್ತರಿಯಿಂದಲೇ ಕಟ್ಟು ಕತ್ತರಿಸಿದರು.

"ಇನ್ನಷ್ಟು ತಡವಾಗಿದ್ರೆ ಈ ಕೈ ಸೂಜಿ ಹಿಡಿಯೋದು ಕಷ್ಟ ಇತ್ತು. ಈಗಲೇ ಹೊರಡಿ."

"ಹಾಗಾದ್ರೆ ಬಳ್ಳಿ ಸುಳ್ಳಾ?" ಎಂದೆ ಮೆಲ್ಲಗೆ.

"ಸುಳ್ಳು ಅಂದವರು ಯಾರಣ್ಣ? ಆದ್ರೆ ಸರಿದ ಮೂಳೇನ ಬಳ್ಳಿ ಜಾಗಕ್ಕೆ ತರಲ್ಲ. ಮೊದಲು ಎಕ್ಸ್‌ರೇ, ಪ್ಲಾಸ್ಟರ್. ಆಮೇಲೆ ಡಾಕ್ಟ್ರು ಒಪ್ಪಿದ್ರೆ, ಗಿಡಮೂಲಿಕೆ ಬಲ್ಲ ವೈದ್ಯರು ಹೇಳಿದ ಅಳತೇಲಿ ತಗೊಳ್ಳಿ. ಬೇರೆ ಮಾತ್ರೆ ತಗೊಳ್ಳೋರಿಗೆ ಕೆಲವು ಒಗ್ಗಲ್ಲ."

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು, ಕೈ ಉಳಿಯಿತು. ನಾನು ಮಾತ್ರ ಬೀದಿಯಲ್ಲಿ ಯಾರಿಗೂ ನಿಜ ಹೇಳಲಿಲ್ಲ; ಪ್ಲಾಸ್ಟರ್ ಬರೀ ಭದ್ರತೆಗೆ ಎಂದುಬಿಟ್ಟೆ.

ಹದಿನೈದು ದಿನಕ್ಕೆ ಬೇಕರಿಯವನು ಮಂಗರವಳ್ಳಿ ಹಿಡಿದು ಬಾಗಿಲಿಗೆ ಬಂದ. "ಅಣ್ಣ, ಅಮ್ಮ ಬಿದ್ದು ಕಾಲು ಮುರ್ಕೊಂಡಿದ್ದಾರೆ. ನೀವೇ ಕಟ್ಟಬೇಕು."

ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ನನ್ನ ಕಟ್ಟಿನಿಂದ ಇವಳ ಕೈ ಹೋಗ್ತಿತ್ತಪ್ಪ. ನಾಚಿಕೆಯಿಂದ ಮುಚ್ಚಿಟ್ಟಿದ್ದೆ. ನಡಿ, ಅಮ್ಮನ್ನ ಅಲುಗಿಸದೆ ಆಸ್ಪತ್ರೆಗೆ ಕರ್ಕೊಂಡು ಹೋಗೋಣ" ಎಂದು ಅವರನ್ನು ಮಲಗಿಸಿ ಒಯ್ಯಲು ಉದ್ದದ ಹಲಗೆಯೊಂದನ್ನು ಹೆಗಲಿಗೇರಿಸಿದೆ.

ನಿಮ್ಮಲ್ಲೂ ಯಾರಿಗಾದರೂ ಮೂಳೆ ಮುರಿದರೆ ಮೊದಲು ಆಸ್ಪತ್ರೆಗೆ ಹೋಗಿ. ಗಿಡಮೂಲಿಕೆಯನ್ನು ವೈದ್ಯರನ್ನು ಕೇಳಿಯೇ ಬಳಸಿ. ಕಟ್ಟು ಹಾಕಿದ ಮೇಲೆ ಬೆರಳು ಊದಿದರೆ, ತಣ್ಣಗಾದರೆ, ಜೋಮು ಹಿಡಿದರೆ ಒಂದು ಗಳಿಗೆಯೂ ಕಾಯಬೇಡಿ. ನೋಯುತ್ತಿದೆಯಾ ಎಂದು ಆಗಾಗ ಬಾಯಿಬಿಟ್ಟು ಕೇಳಿ. ನಾನು ಒಂದು ಸಲವೂ ಕೇಳಿರಲಿಲ್ಲ.