ಶೀತದ ಮುತ್ತು

ನಮ್ಮ ಜರ್ಮನಿಯ ಹೆಸ್ಸೆನ್ ಸೀಮೆಯ ಮಕ್ಕಳಿಗೆ, ಕದಿರು ಚುಚ್ಚಿ ನೂರು ವರ್ಷ ನಿದ್ದೆಹೋಗಿ ರಾಜಕುಮಾರನ ಮುತ್ತಿಗೆ ಎದ್ದ ರಾಜಕುಮಾರಿಯ ಕತೆ ತಾಯಿಹಾಲಿನ ಜೊತೆಗೇ ಇಳಿಯುತ್ತದೆ. ಈಗಿನ ಒಪೆರಾದವರು ಅದನ್ನೂ ನೆಟ್ಟಗೆ ಹೇಳಲು ಬಿಡುವುದಿಲ್ಲ. ಈ ಚಳಿಗಾಲ ನಮ್ಮೂರಿನ ರಂಗಮಂದಿರದಲ್ಲಿ ಆಡಿದ ಒಪೆರಾದಲ್ಲಿ ಅರಮನೆಯೂ ಇಲ್ಲ, ಮುಳ್ಳಿನ ಬೇಲಿಯೂ ಇಲ್ಲ. ವಾದ್ಯದವರು ಪಿಟೀಲಿನ ತಂತಿಗೆ ನೂಲುವ ಕದಿರು ಉಜ್ಜುತ್ತಾರೆ. ರಾಜಕುಮಾರಿ ಆಸ್ಪತ್ರೆಯ ಮಂಚದಲ್ಲಿ ಮಲಗಿಯೇ ಹಾಡುತ್ತಾಳೆ. ರಾಜಕುಮಾರ ಬಂದು ಮುತ್ತಿಡುತ್ತಾನೆ, ಅವಳು ಏಳುವುದಿಲ್ಲ. ಮತ್ತೆ ಬರುತ್ತಾನೆ, ಮತ್ತೆ ಮುತ್ತು. ಹೀಗೇ ಆಟ ಮುಗಿಯುವವರೆಗೂ.

ರಾಜಕುಮಾರಿಯ ಪಾತ್ರ ತಾಬೆಯಾಳದು. ರಾಜಕುಮಾರನ ವೇಷದಲ್ಲಿ ಅವಳ ಗೆಳತಿ ಮಾರೈಕೆ. ಹೆಣ್ಣಿನ ತಗ್ಗುದನಿಗೆ ಬರೆದ ಪಾತ್ರ ಅದು. ಹಾಡು ಕಡಿಮೆ, ಮುತ್ತೇ ಹೆಚ್ಚು. ನಿರ್ದೇಶಕ ರಾಟ್ಕೆ ಒಮ್ಮೆ ಎಲ್ಲರೆದುರು, "ರಾಜಕುಮಾರನ ಬದಲು ಒಂದು ವ್ಯಾಕ್ಯೂಮ್ ಕ್ಲೀನರ್ ಇಟ್ರೂ ನಡಿಯತ್ತಪ್ಪ," ಎಂದಿದ್ದ. ಎಲ್ಲರೂ ನಕ್ಕರು. ಮಾರೈಕೆಗೆ ಮಾತ್ರ ಆ ಮಾತು ಎದೆಯಲ್ಲಿ ನಾಟಿತು.

ಶನಿವಾರ ಮೊದಲ ಪ್ರದರ್ಶನ. ದೊಡ್ಡ ನಗರದ ಒಪೆರಾ ಮನೆಯ ಮುಖ್ಯಸ್ಥೆ ತಾಬೆಯಾಳ ದನಿ ಕೇಳಲೆಂದೇ ಬರುವವಳಿದ್ದಳು. ಅಂಥ ಕಿವಿಗಾಗಿ ತಾಬೆಯಾ ವರ್ಷಗಟ್ಟಲೆ ಕಾದಿದ್ದಳು.

ಸೋಮವಾರ ಮಾರೈಕೆ ಎದ್ದಾಗ ಮೈ ಬಿಸಿ, ಗಂಟಲು ಹುಣ್ಣು. ನಮ್ಮಲ್ಲಿ ಶೀತವಾದ ಗಾಯಕಿ ಯಾರ ಹತ್ತಿರವೂ ಸುಳಿಯಬಾರದು. ಕೈ ಕುಲುಕುವುದೂ ತಪ್ಪು. ಅದು ಯಾರೂ ಬರೆಯದ ಕಟ್ಟಳೆ. ಆದರೆ ಮನೆಯಲ್ಲಿ ಮಲಗಿದರೆ ರಾಟ್ಕೆ ತನ್ನ ಪಾತ್ರವನ್ನೇ ತೆಗೆದುಹಾಕಿಬಿಟ್ಟರೆ? ಮಾತ್ರೆ ನುಂಗಿ, ಗಂಟಲಿಗೆ ಹಿತವೆಂದು ಸೇಜ್ ಎಲೆಯ ಚಹಾ ಕುಡಿದು ತಾಲೀಮಿಗೆ ಹೊರಟಳು.

"ಏನೇ ಇದು, ಕಂಬಳಿ ಮಾರೋಳ ಥರ ಸುತ್ಕೊಂಡು ಬಂದಿದೀಯ?" ತಾಬೆಯಾ ಕೇಳಿದಳು.

"ಚಳಿ ಕಣೇ."

"ಶೀತ ಗೀತ ಅಲ್ಲ ತಾನೇ?"

"ಛೇ, ಶೀತ ಆಗಿದ್ರೆ ನಿನ್ನ ಹತ್ರ ಬರ್ತಿದ್ನಾ?"

ಅವತ್ತೂ ಮುತ್ತಿಟ್ಟಳು, ಮರುದಿನವೂ ಇಟ್ಟಳು. ಗುರುವಾರದ ಕೊನೆಯ ತಾಲೀಮಿನ ಹೊತ್ತಿಗೆ ಮಾರೈಕೆಯ ಜ್ವರ ಬಿಟ್ಟಿತ್ತು. ಶನಿವಾರ ಬೆಳಿಗ್ಗೆ ತಾಬೆಯಾ ಬಾಯಿ ತೆರೆದರೆ ಬರೀ ಗಾಳಿ.

ಈ ಪಾತ್ರ ಬಲ್ಲವಳು ಇನ್ನೊಬ್ಬಳೇ ಇದ್ದಳು, ವಿಯೆನ್ನಾದವಳು. ಅವಳನ್ನು ವಿಮಾನದಲ್ಲಿ ಕರೆಸಿದರು. ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಮಾಡುವುದು ಇಷ್ಟೇ: ಬಂದವಳು ನಟನೆ ಕಲಿಯಲು ಹೊತ್ತಿಲ್ಲದೆ ರಂಗದ ಪಕ್ಕದಲ್ಲಿ ನಿಂತು ಹಾಡುತ್ತಾಳೆ, ಕಾಯಿಲೆಯವಳು ನಡುವೆ ಸುಮ್ಮನೆ ಬಾಯಿ ಆಡಿಸುತ್ತಾಳೆ.

"ಯಾರಪ್ಪಾ ಇವಳಿಗೆ ಅಂಟಿಸಿದ ಪುಣ್ಯಾತ್ಮ?" ರಾಟ್ಕೆ ಗದರಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಮಾರೈಕೆ ತನ್ನ ಗಂಟಲು ಮುಟ್ಟಿಕೊಂಡಳು. ಯಾರೂ ನೋಡಲಿಲ್ಲ.

ಸಂಜೆ ತಾಬೆಯಾ ಮಂಚದಲ್ಲಿ ಮಲಗಿ ತನ್ನದಲ್ಲದ ದನಿಗೆ ತುಟಿ ಕೂಡಿಸಿದಳು. ಮಾರೈಕೆ ಪ್ರತಿಸಲ ಬಾಗಿದಾಗಲೂ ಆ ತುಟಿ ಕಾದ ಕಾವಲಿಯಂತೆ ಸುಡುತ್ತಿತ್ತು. ಇದು ನಾನು ಕೊಟ್ಟ ಜ್ವರ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಮುತ್ತಿಟ್ಟಳು. ಆಟ ಮುಗಿದ ಮೇಲೆ ಮುಖ್ಯಸ್ಥೆ ನೇರವಾಗಿ ವಿಯೆನ್ನಾದವಳ ಬಳಿ ಹೋಗಿ, ಅವಳ ಕೈ ಹಿಡಿದು, ಬಹಳ ಹೊತ್ತು ಬಿಡಲೇ ಇಲ್ಲ.

ಬಣ್ಣದ ಕೋಣೆಯಲ್ಲಿ ತಾಬೆಯಾ ಒಬ್ಬಳೇ ಕೂತಿದ್ದಳು. ಎಲ್ಲ ಹೇಳಿಬಿಡಬೇಕೆಂದೇ ಮಾರೈಕೆ ಒಳಗೆ ಬಂದಳು. ಅಷ್ಟರಲ್ಲಿ ತಾಬೆಯಾ ಅವಳ ಕೈ ಎಳೆದು ಪಿಸುಗುಟ್ಟಿದಳು.

"ನಿಂಗೊಂದು ಹೇಳ್ಬೇಕು, ಬೈಬೇಡ. ಗುರುವಾರಾನೇ ನಂಗೆ ಗಂಟಲು ಕೆರೀತಿತ್ತು ಕಣೇ. ಹೇಳಿದ್ರೆ ಶನಿವಾರ ಕೈತಪ್ಪತ್ತೆ ಅಂತ ಬಾಯಿ ಮುಚ್ಕೊಂಡೆ. ಅಷ್ಟೂ ಸಲ ನಿನ್ ಕೈಲಿ ಮುತ್ತಿಡಿಸ್ಕೊಂಡೆ. ನಿಂಗೆ ಅಂಟಿದ್ರೆ ಏನ್ ಗತಿ ಆಗ್ತಿತ್ತು? ಎಂಥಾ ಪಾಪಿ ನಾನು. ಅದಕ್ಕೇ ದೇವರು ಸರಿಯಾಗಿ ಶಾಸ್ತಿ ಮಾಡ್ದ."

ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂದು ಮಾರೈಕೆಗೆ ತಿಳಿದಿತ್ತು.

"ಕ್ಷಮಿಸ್ತೀಯೇನೇ?" ತಾಬೆಯಾಳ ಕಣ್ಣು ತುಂಬಿತ್ತು.

"ಹೋಗ್ಲಿ ಬಿಡೇ," ಎಂದಳು ಮಾರೈಕೆ. "ಕ್ಷಮಿಸಿದೀನಿ."